ಗುಳೆ ಹೋದವರ ಮಕ್ಕಳು ಲಂಡನ್ನಿಗೂ ಹೋಗಲಿ



ದೇವದುರ್ಗ, ಮಾನ್ವಿಯ ಕೇರಿಗಳಿಂದ ಬೆಂಗಳೂರು, ಪುಣೆಗೆ ನಮ್ಮ ಮಂದಿ ಗುಳೆ ಹೋಗುವುದು ಹೊಸದಲ್ಲ. ಕಲ್ಲು ಹೊರಾಕ ಹೋಗುವವರಿಗೆ ಯಾರೂ ಇಂಗ್ಲಿಷ್ ಪರೀಕ್ಷೆ ಇಡುವುದಿಲ್ಲ. ಅವರ ಮಕ್ಕಳು ರಾಯಚೂರಿನ ಹಾಸ್ಟೆಲ್ಲಿನಲ್ಲಿ ಕೂತು "ನಾ ಲಂಡನ್ನಿನಾಗ ಓದ್ತೀನಿ" ಅಂದರೆ ಮಾತ್ರ ಎಲ್ಲರಿಗೂ ನಗು. ನಗುವವರಲ್ಲಿ ನಮ್ಮ ರೂಮಿನ ಗೆಳೆಯರೂ ಇದ್ದಾರೆ. ಮೊದಲು ಈ ನಗು ನಿಲ್ಲಬೇಕು.

ಜಯಂತಿಯ ಭಾಷಣದಲ್ಲಿ ಬಾಬಾಸಾಹೇಬರ ಲಂಡನ್ ಓದಿನ ಮಾತು ಬಂದಾಗ ಚಪ್ಪಾಳೆ ತಟ್ಟುತ್ತೇವೆ. ಅದರ ಹಿಂದಿನ ದುಡ್ಡಿನ ಲೆಕ್ಕ ಕೇಳುವುದಿಲ್ಲ. 1916ರಲ್ಲಿ ಅವರು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಸೇರಿದರು. ಬರೋಡದ ವಿದ್ಯಾರ್ಥಿವೇತನ ಮುಗಿಯಿತು. 1917ರಲ್ಲಿ ಓದು ಅರ್ಧಕ್ಕೆ ಬಿಟ್ಟು ವಾಪಸ್ ಬಂದರು. ಮುಂಬಯಿಯ ಸಿಡನ್‌ಹ್ಯಾಂ ಕಾಲೇಜಿನಲ್ಲಿ ಪಾಠ ಹೇಳಿ ಸಂಬಳ ಉಳಿಸಿದರು. ಕೊಲ್ಹಾಪುರದ ಶಾಹು ಮಹಾರಾಜರು ನೆರವಾದರು, ಗೆಳೆಯ ನವಲ್ ಭಥೇನಾ ಸಾಲ ಕೊಟ್ಟರು. 1920ರಲ್ಲಿ ಮತ್ತೆ ಹೋದರು. 1921ರಲ್ಲಿ ಎಂ.ಎಸ್ಸಿ., 1922ರಲ್ಲಿ ಬ್ಯಾರಿಸ್ಟರ್, 1923ರಲ್ಲಿ ಡಿ.ಎಸ್ಸಿ. ಅಂಥ ಬುದ್ಧಿವಂತರ ಓದೂ ದುಡ್ಡಿಲ್ಲದೆ ಮೂರು ವರ್ಷ ನಿಂತುಹೋಗಿತ್ತು.

ಇವತ್ತು ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವಿದೆ. ಇಡೀ ದೇಶಕ್ಕೆ ವರ್ಷಕ್ಕೆ 125 ಜಾಗ. 35ರೊಳಗಿನ ವಯಸ್ಸು, ಶೇ. 60 ಅಂಕ, 8 ಲಕ್ಷದೊಳಗಿನ ಕುಟುಂಬದ ಆದಾಯ, ಹೊರದೇಶದ ವಿಶ್ವವಿದ್ಯಾಲಯದ ಪ್ರವೇಶಪತ್ರ ಬೇಕು. ಫೀಸು, ಊಟ-ವಸತಿ, ವಿಮಾನದ ಖರ್ಚು ಸರ್ಕಾರದ್ದು. ರಾಜ್ಯದ 'ಪ್ರಬುದ್ಧ' ಯೋಜನೆಯೂ ಇದೆ. ಇದು ಯಾರದೋ ಧರ್ಮದ ಕಾಸಲ್ಲ, ನಮ್ಮ ಹಕ್ಕು. ಆದರೆ 2025ರಲ್ಲಿ ಕೇಂದ್ರ 106 ಮಂದಿಯನ್ನು ಆರಿಸಿ, ಮೊದಲಿಗೆ 40 ಮಂದಿಗಷ್ಟೇ ಪತ್ರ ಕೊಟ್ಟಿತು. ಉಳಿದವರಿಗೆ ಹಣ ಬಂದರೆ ನೋಡೋಣ ಎಂದಿತು. ಪ್ರವೇಶ ಸಿಕ್ಕವನು ದುಡ್ಡಿಗೆ ಕಾಯಬೇಕಾದರೆ 1917ಕ್ಕೂ ಇವತ್ತಿಗೂ ಏನು ಫರಕು?

ಇನ್ನೊಂದು ಮಾತು. ಭಾರತದ ಸಂಸ್ಕೃತಿ, ಚರಿತ್ರೆ, ಸಮಾಜ ಕುರಿತು ಓದುವವರಿಗೆ ಈ ವೇತನ ಇಲ್ಲವೆಂದು 2022ರಲ್ಲಿ ನಿಯಮ ಬಂತು. ಮಾನ್ವಿಯ ಹುಡುಗಿ ಲಂಡನ್ನಿನಲ್ಲಿ ಯಂತ್ರದ ಬಗ್ಗೆ ಓದಬಹುದು, ತನ್ನ ಕೇರಿಯ ಬಗ್ಗೆ ಓದಬಾರದು! 1916ರಲ್ಲಿ ನ್ಯೂಯಾರ್ಕಿನಲ್ಲಿ ಬಾಬಾಸಾಹೇಬರು ಮಂಡಿಸಿದ ಪ್ರಬಂಧ ಭಾರತದ ಜಾತಿಗಳ ಬಗ್ಗೆಯೇ ಇತ್ತು. ನಮ್ಮ ನೋವಿನ ಮೇಲೆ ನಾವೇ ಪ್ರಶ್ನೆ ಕೇಳಬಾರದೆಂಬ ಈ ನಿಯಮವನ್ನು ನಾವು ಒಪ್ಪುವುದಿಲ್ಲ.

ಹೊರದೇಶಕ್ಕೆ ಹೋದವರು ಊರು ಮರೆಯುತ್ತಾರೆ ಅನ್ನುವವರಿದ್ದಾರೆ. ಆ ಭಯ ಸುಳ್ಳಲ್ಲ. ಹಂಗಂತ ಯಾರೂ ಹೋಗಬಾರದೇ? ಹೋದವರಿಂದ ಊರಿನ ಲೆಕ್ಕ ಕೇಳೋಣ.

ಸರ್ಕಾರ ಹಣ ಪೂರ್ತಿ ಕೊಡಲಿ, ಹಾಸ್ಟೆಲ್ಲುಗಳಲ್ಲಿ ಇಂಗ್ಲಿಷ್ ಪಾಠ ನಡೆಸಲಿ, ಅರ್ಜಿ ಕರೆದ ದಿನವೇ ಬೋರ್ಡಿಗೆ ನೋಟೀಸು ಹಚ್ಚಲಿ. ಇದಕ್ಕೆ ಹೋರಾಟ ಬೇಕು. ಅದರ ಜೊತೆಗೆ ನಮ್ಮ ಕೆಲಸವೂ ಇದೆ. ಡಿಗ್ರಿಯ ಮೊದಲ ವರ್ಷದಲ್ಲೇ ತಯಾರಿ ಶುರುಮಾಡಿ. ಜಾತಿ, ಆದಾಯದ ಸರ್ಟಿಫಿಕೇಟು, ಪಾಸ್‌ಪೋರ್ಟು ಕಡೇ ಗಳಿಗೆಗೆ ಬಿಡಬೇಡಿ. ತಪ್ಪಾದರೂ ದಿನಾ ಒಂದು ತಾಸು ಇಂಗ್ಲಿಷ್ ಮಾತಾಡಿ. ಒಬ್ಬ ಅರ್ಜಿ ಬರೆಯಲು ಕೂತಾಗ ಉಳಿದವರು ನಗಬೇಡಿ, ಪಕ್ಕದಲ್ಲಿ ಕೂತು ಓದಿ ನೋಡಿ. ಮುಂದಿನ ವರ್ಷ ಬರೆಯಬೇಕಾದವರು ನೀವೇ.

ಜೈ ಭೀಮ್.