ಬೇಳೆಗೆ ಜಾತಿಪಟ್ಟಿ ಕೇಳಬೇಡಿ

ಮಳೆ ಹಿಡಿಯಿತೆಂದರೆ ಉತ್ತರ ಕನ್ನಡದ ಜೋಯಿಡಾದ ಎಷ್ಟೋ ಕುಣಬಿ ಬುಡಕಟ್ಟಿನ ಮನೆಗಳ ಒಲೆಯ ಮೇಲೆ ರೇಷನ್ ಅಕ್ಕಿಯ ಅನ್ನ, ಕಾಡುಸೊಪ್ಪಿನ ತಿಳಿಸಾರು, ಅಷ್ಟೇ. ಕೂಲಿ ನಿಂತಿರುತ್ತದೆ, ಬೇಳೆ ಡಬ್ಬಿ ಬರಿದಾಗಿರುತ್ತದೆ. ಹೊಟ್ಟೆ ತುಂಬಿತಲ್ಲ, ಇನ್ನೇನು ಬೇಕು ಎಂದು ಕೇಳುವವರಿದ್ದಾರೆ. ಇದನ್ನು ಬರೆಯುತ್ತಿರುವುದು ಅವರಿಗಾಗಿಯೇ.

ಮೈಗೆ ಮಾಂಸ ಕಟ್ಟುವುದು, ಗಾಯ ಮಾಯಿಸುವುದು, ಜ್ವರದೆದುರು ನಿಲ್ಲುವುದು ಪ್ರೋಟೀನಿನ ಕೆಲಸ. ಕೊಬ್ಬಿನ ಹಾಗೆ ದೇಹ ಅದನ್ನು ಕೂಡಿಟ್ಟುಕೊಳ್ಳುವುದಿಲ್ಲ, ದಿನದಿನವೂ ತಟ್ಟೆಗೆ ಬರಬೇಕು. 50 ಕಿಲೋ ತೂಕದ ಹೆಣ್ಣುಮಗಳಿಗೆ ದಿನಕ್ಕೆ ಸುಮಾರು 42 ಗ್ರಾಂ ಬೇಕು. ಬಸುರಿಗೆ, ಬಾಣಂತಿಗೆ ಇನ್ನೂ ಹೆಚ್ಚು. 100 ಗ್ರಾಂ ಅಕ್ಕಿಯಲ್ಲಿರುವುದು ಏಳೆಂಟು ಗ್ರಾಂ, ಅದರಲ್ಲೂ ಲೈಸಿನ್ ಎಂಬ ಅಂಶದ ಕೊರತೆ. ತೊಗರಿಬೇಳೆಯಲ್ಲಿ 20 ಗ್ರಾಂ ದಾಟುತ್ತದೆ, ಅಕ್ಕಿಯಲ್ಲಿ ಕೊರತೆಯಾದ ಲೈಸಿನ್ ಅದರಲ್ಲಿ ಧಾರಾಳ. ಅನ್ನಕ್ಕೆ ಗಟ್ಟಿಬೇಳೆ ಕಲಸಿ ತುತ್ತಿಟ್ಟ ಅಜ್ಜಿಗೆ ಈ ಲೆಕ್ಕ ಗೊತ್ತಿರಲಿಲ್ಲ, ಮೊಮ್ಮಗು ಬೆಳೆಯುವುದು ಕಣ್ಣಿಗೆ ಕಾಣುತ್ತಿತ್ತು.

1930ರ ದಶಕದಲ್ಲಿ, ಇಂದಿನ ಘಾನಾದಲ್ಲಿ, ವೈದ್ಯೆ ಸಿಸಿಲಿ ವಿಲಿಯಮ್ಸ್ ಕೈಕಾಲು ಊದಿದ ಮಕ್ಕಳನ್ನು ಕಂಡರು. ಅಲ್ಲಿಯ ಜನ ಅದನ್ನು ಕ್ವಾಷಿಯೋರ್ಕರ್ ಎನ್ನುತ್ತಿದ್ದರು. ಇನ್ನೊಂದು ಕೂಸು ಬಂದು ಮೊಲೆಯಿಂದ ದೂರಾದ ಮಗುವಿನ ಬೇನೆ ಅದು. ಆ ಮಕ್ಕಳ ಹೊಟ್ಟೆಗೂ ಗೋವಿನಜೋಳದ ಗಂಜಿ ಬಿದ್ದಿತ್ತು!

ಹೊಟ್ಟೆ ತುಂಬಿದರಷ್ಟೇ ಸಾಲದೆಂಬುದು ಸರ್ಕಾರಕ್ಕೆ ತಿಳಿಯದ್ದಲ್ಲ. ಕಾಡಿನ ಬುಡಕಟ್ಟುಗಳಿಗೆಂದೇ ಪೌಷ್ಟಿಕ ಆಹಾರ ಯೋಜನೆಯಿದೆ. ಬೇಳೆ, ಕಾಳು, ಬೆಲ್ಲ, ಎಣ್ಣೆ, ತುಪ್ಪ, ಮೊಟ್ಟೆ ಇರುವ ಚೀಲ ಕೊಡುತ್ತಾರೆ. ಹಳಿಯಾಳ, ಮುಂಡಗೋಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿ ಸೇರಿದರು, ಆ ಚೀಲ ಅವರ ಹಕ್ಕು. ಅದೇ ವರ್ಷ ಗೋವಾದ ಕುಣಬಿಗಳೂ ಆ ರಾಜ್ಯದ ಪಟ್ಟಿ ಸೇರಿದರು. ಘಟ್ಟದ ಈಚೆಗಿರುವ ಜೋಯಿಡಾದ ಕುಣಬಿಗಳು, ದಡ್ಡಿಗಳಲ್ಲಿ ಎಮ್ಮೆ ಸಾಕುವ ಗೌಳಿಗಳು ಇಂದಿಗೂ ಹೊರಗೇ ನಿಂತಿದ್ದಾರೆ. ಹಳಿಯಾಳದ ಗಡಿ ದಾಟಿದರೆ ಸಿಗುವ ಧಾರವಾಡ, ಬೆಳಗಾವಿಯ ಸಿದ್ದಿಗಳು ಪಟ್ಟಿಗೆ ಬಂದದ್ದು 2020ರಲ್ಲಿ. 17 ವರ್ಷ! 2003ರಲ್ಲಿ ಹುಟ್ಟಿದ ಹುಡುಗಿಯ ಎಲುಬು ಬೆಳೆಯುವ ಕಾಲ ಅಷ್ಟರಲ್ಲಿ ಮುಗಿದಿರುತ್ತದೆ. ಆಮೇಲೆ ಯಾವ ಪಟ್ಟಿಗೆ ಸೇರಿಸಿ ಅವಳಿಗೆ ಆ ಎತ್ತರ ಕೊಡುತ್ತೀರಿ?

ಪಟ್ಟಿಯ ಹೋರಾಟ ನಡೆಯಲಿ, ಅದು ನ್ಯಾಯದ ಹೋರಾಟ. ಆದರೆ ಪಟ್ಟಿ ಬದಲಿಸಬೇಕಾದ್ದು ಸಂಸತ್ತು, ಬೇಳೆ ಕೊಡಲು ರಾಜ್ಯದ ಒಂದು ಆದೇಶ ಸಾಕು. ಒಂದೇ ಕಾಡು, ಒಂದೇ ಮಳೆ, ಒಂದೇ ಕೂಲಿ ಇದ್ದಲ್ಲಿ ಚೀಲ ಒಂದು ಬಾಗಿಲಿಗೆ ಬಂದು ಮುಂದಿನ ಬಾಗಿಲು ದಾಟಿ ಹೋಗುವುದನ್ನು ಸುಮ್ಮನೆ ನೋಡುತ್ತ ಕೂರಲು ನಮಗೆ ಹೇಗೆ ಮನಸ್ಸು ಬರುತ್ತದೆ?

ಈ ಜನಕ್ಕೆ ತಿನ್ನಲು ನಾವು ಕಲಿಸಬೇಕಾಗಿಲ್ಲ. ಹುರಳಿ, ಹಳ್ಳದ ಏಡಿ, ಮೀನು, ಚಗಳಿ ಇರುವೆಯ ಚಟ್ನಿ, ಎಲ್ಲದರಲ್ಲೂ ಪ್ರೋಟೀನ್ ಇತ್ತು. ಆದರೆ ಕಾಡು ಸವರಿ ಸುಟ್ಟು ಮಾಡುವ ಕುಮರಿ ಬೇಸಾಯಕ್ಕೆ ಬ್ರಿಟಿಷರ ಕಾಲದಲ್ಲೇ ಕಡಿವಾಣ ಬಿತ್ತು, ಕಾಡಿಗೆ ಬೇಲಿ ಬಿತ್ತು, ಚಗಳಿ ಚಟ್ನಿಗೆ ಪೇಟೆಯವರು ಮೂಗು ಮುರಿದರು. ಗೌಳಿಗಳ ಹಾಲು ಕ್ಯಾನಿನಲ್ಲಿ ಪೇಟೆಗೆ ಹೋಗುತ್ತದೆ, ಮಕ್ಕಳಿಗೆ ಉಳಿಯುವುದು ಕರಿ ಚಹಾ. ಮುಂಡಗೋಡ, ಹಳಿಯಾಳದ ಗೋವಿನಜೋಳ ಕೋಳಿ ಆಹಾರವಾಗಿ ಲಾರಿಯೇರುತ್ತದೆ. ಬೆಳೆದವನ ಮನೆಗೆ ಮೊಟ್ಟೆ ಮರಳುವುದಿಲ್ಲ.

2024ರಿಂದ ಶಾಲೆಗಳಲ್ಲಿ ವಾರಕ್ಕೆ ಆರು ದಿನ ಮೊಟ್ಟೆ ಕೊಡುವ ಏರ್ಪಾಡಾಗಿದೆ. ದೊಡ್ಡ ಕೆಲಸ. ಮಾಸ್ತರರೇ, ಅಕ್ಕೋರೇ, ಅದರಲ್ಲಿ ಒಂದು ದಿನವೂ ತಪ್ಪದಿರಲಿ. ಆದರೆ ಹಳ್ಳ ತುಂಬಿ ಮಗು ಶಾಲೆಗೆ ಬಾರದ ದಿನ ಆ ಮೊಟ್ಟೆ ಇಲ್ಲ.

ದಾಂಡೇಲಿಯ ರೆಸಾರ್ಟು, ಹೋಮ್‌ಸ್ಟೇ ನಡೆಸುವವರೇ, ಬೆಳಗಿನ ತಿಂಡಿಗೆ ಪ್ರವಾಸಿಗಳ ಮುಂದೆ ಮೊಟ್ಟೆಯ ರಾಶಿ ಇಡುತ್ತೀರಿ. ಪಾತ್ರೆ ತೊಳೆಯುವ ಆ ತಂಗಿಯ ಬುತ್ತಿಯಲ್ಲಿ ಏನಿದೆ, ಒಮ್ಮೆ ಕೇಳಿ. ಅವಳ ಊಟ ನಿಮ್ಮ ಅಡುಗೆಮನೆಯಿಂದಲೇ ಆಗಲಿ, ಅವಳೂರಿನ ಹುರಳಿಯನ್ನು ಒಳ್ಳೆಯ ಬೆಲೆಗೆ ಕೊಳ್ಳಿ.

ಪಂಚಾಯಿತಿ ಸದಸ್ಯರೇ, ಮುಂದಿನ ಗ್ರಾಮಸಭೆಯಲ್ಲಿ ಒಂದು ಠರಾವು ಬರೆಸಿ: ಕಾಡಿನಂಚಿನ ಪ್ರತಿ ಬಡ ಮನೆಗೂ, ಕುಣಬಿ, ಗೌಳಿ, ಸಿದ್ದಿ ಎನ್ನದೆ, ಪೌಷ್ಟಿಕ ಆಹಾರದ ಚೀಲ ಕೊಡಬೇಕು. ತಾಲ್ಲೂಕಿಗೆ ಕಳಿಸಿ, ಶಾಸಕರ ಕೈಗೆ ಕೊಡಿ, ಉತ್ತರ ಬರುವವರೆಗೆ ಕೇಳಿ. ಜೂನಿನಲ್ಲಿ ಹಳ್ಳ ತುಂಬುತ್ತದೆ. ಅದಕ್ಕೆ ಮೊದಲು ಚೀಲ ಆಚೆ ದಡ ಮುಟ್ಟಿರಬೇಕು.