ಕಿನ್ನಾಳ ಗೊಂಬೆಯ ಬೇರು ನಮ್ಮ ಬದುವಿನಲ್ಲಿದೆ

ಕೊಪ್ಪಳ ತಾಲೂಕಿನ ಕಿನ್ನಾಳದ ಗೊಂಬೆ ಉಳಿಸಬೇಕು ಅಂತ ಮಾತಾಡೋರು ಬಹಳ. ತರಬೇತಿ ಕೊಡ್ರಿ, ಸಾಲ ಕೊಡ್ರಿ, ಮಳಿಗೆ ಹಾಕ್ರಿ ಅನ್ನುತ್ತಾರೆ. ಭೌಗೋಳಿಕ ಸೂಚಿಯ ಮಾನ್ಯತೆಯೂ ಆ ಗೊಂಬೆಗೆ ಸಿಕ್ಕಿದೆ. ಇವೆಲ್ಲ ಬೇಕು, ಬ್ಯಾಡ ಅನ್ನೋದಿಲ್ಲ. ಆದರೆ ಗೊಂಬೆ ಯಾವ ಸಾಮಾನಿನಿಂದ ಆಗುತ್ತದೆ, ಆ ಸಾಮಾನು ಎಲ್ಲಿ ಬೆಳೆಯುತ್ತದೆ ಎಂಬ ಮಾತು ಮಾತ್ರ ಹಿಂದೆ ಬೀಳುತ್ತದೆ. ಅದು ಬೆಳೆಯೋದು ನಮ್ಮ ಹೊಲ, ಗುಡ್ಡದಲ್ಲಿ. ಅದಕ್ಕೇ ಈ ಮಾತು ರೈತರೇ ಎತ್ತಬೇಕು ಎಂದು ನನ್ನ ಅಭಿಪ್ರಾಯ.

ಕಿನ್ನಾಳದ ಚಿತ್ರಗಾರರು ಪೊಳಕಿ ಎಂಬ ಹಗುರ ಕಟ್ಟಿಗೆಯ ತುಂಡುಗಳನ್ನು ಕೆತ್ತಿ, ಹುಣಸೆ ಬೀಜದ ಸರಿಯಿಂದ ಜೋಡಿಸುತ್ತಾರೆ. ಮೇಲೆ ಕೈಯಿಂದ ಬಳಿಯೋದು ‘ಕಿಟ್ಟ’. ಗೋಣಿತಟ್ಟಿನ ಚಿಂದಿ ನೆನೆಸಿ, ಸಣ್ಣಗೆ ತುಂಡರಿಸಿ, ಒಣಗಿಸಿ ಪುಡಿ ಮಾಡಬೇಕು. ಅದನ್ನು ಕಟ್ಟಿಗೆ ಹೊಟ್ಟಿನ ಜೊತೆ ಹುಣಸೆ ಬೀಜದ ಸರಿಯಲ್ಲಿ ನಾದಿದರೆ ಕಿಟ್ಟ ಆಯಿತು. ಅದರ ಮೇಲೆ ಅರಿವಿಯ ಸಣ್ಣ ತುಂಡು ಅಂಟಿಸಿ, ಹರಳುಕಲ್ಲಿನ ಪುಡಿಯ ಸರಿ ಬಳಿದ ಮೇಲೆಯೇ ಬಣ್ಣ. ಮೂರ್ತಿಯ ಮೈಮೇಲಿನ ಒಡವಿ ಉಬ್ಬಿ ಕಾಣುವಂತೆ ಮಾಡೋದೂ ಕಲ್ಲಿನ ಪುಡಿಗೆ ಅಂಟು ಕಲಸಿಯೇ. ಹಬ್ಬದ ದಿನಗಳಲ್ಲಿ ಸಗಣಿ, ಕಟ್ಟಿಗೆ ಹೊಟ್ಟು ಸೇರಿಸಿ ಮೂರ್ತಿ ಮಾಡುವುದೂ ಉಂಟು.

ಇದರ ಮರ್ಮ ರೈತನಿಗೆ ಹೊಸದೇನಲ್ಲ. ಎರಿಮಣ್ಣು ಒಣಗಿದರೆ ಬಿರಿಯುತ್ತದೆ. ಅದಕ್ಕೇ ಗ್ವಾಡಿ ಮೆತ್ತುವ ಮಣ್ಣಿಗೆ ಹೊಟ್ಟು, ಸಗಣಿ ಹಾಕಿ ತುಳಿಯೋದು. ನಾರು ಮಣ್ಣನ್ನು ಹಿಡಿದು ಬಿರುಕು ತಡೆಯುತ್ತದೆ. ಇನ್ನು ಹುಣಸೆ ಬೀಜ ಹುರಿದು, ಕೆಂಪು ಸಿಪ್ಪಿ ತೆಗೆದು, ಅರೆದು ಕುದಿಸಿದರೆ ಗಟ್ಟಿ ಅಂಟು. ಕಂಬಳಿ ನೇಯುವವರು ನೂಲಿಗೆ ಕೊಡುವ ಗಂಜಿಯೂ ಅದೇ.

ಈಗ ನಮ್ಮ ಹೊಲ ನೋಡ್ರಿ. ಟ್ರ್ಯಾಕ್ಟರ್ ತಿರುಗಲು ಅಡ್ಡಿ ಅಂತ ಬದುವಿನ ಮರ ಹೋದವು. ರಸ್ತೆ ಅಗಲ ಮಾಡುವಾಗ ಸಾಲು ಹುಣಸೆ ಹೋದವು. ಕಾಳು ತುಂಬೋದು ಪ್ಲಾಸ್ಟಿಕ್ ಚೀಲದಲ್ಲಿ, ಗೋಣಿತಟ್ಟು ಅಪರೂಪ. ಸಾಮಾನು ಮುಗಿದರೆ ಏನಾಗುತ್ತದೆ ಅನ್ನೋದಕ್ಕೆ ಆಂಧ್ರದ ಕೊಂಡಪಲ್ಲಿ ಸಾಕ್ಷಿ. ಅಲ್ಲಿಯ ಗೊಂಬೆಯೂ ಪೊನಿಕಿ ಎಂಬ ಹಗುರ ಕಟ್ಟಿಗೆಯದು, ಅಲ್ಲಿಯೂ ಹುಣಸೆ ಬೀಜ, ಕಟ್ಟಿಗೆ ಹೊಟ್ಟಿನ ಸರಿ. ಹತ್ತಿರದ ಗುಡ್ಡದಲ್ಲಿ ಆ ಮರ ಕಡಿಮೆಯಾಗಿ ಕುಶಲಕರ್ಮಿಗಳು ಕಟ್ಟಿಗೆಗೆ ಪರದಾಡಬೇಕಾಯಿತು. ಅವರಿಗೂ ಮಾನ್ಯತೆಯ ಪತ್ರ ಇದೆ. ಪತ್ರ ಹೆಸರನ್ನು ಕಾಯುತ್ತದೆ, ಮರವನ್ನು ಕಾಯೋದಿಲ್ಲ.

ಅಂಗಡಿ ಅಂಟು ಸಿಗುತ್ತದಲ್ಲ ಎಂದು ಕೆಲವರು ಕೇಳಬಹುದು. ಸಿಗುತ್ತದೆ. ಆದರೆ ಅಂಟು ಪ್ಯಾಟಿಯದು, ಕಟ್ಟಿಗೆ ಪರವೂರದು ಆದಮೇಲೆ ಅದನ್ನು ಕಿನ್ನಾಳದ್ದು ಅನ್ನಲಿಕ್ಕೆ ಉಳಿಯೋದೇನು?

ಗಂಗಾವತಿ ಕಡೆ ಕಾಲುವೆ ನೀರಿನ ಭತ್ತದ ಗದ್ದೆ. ಅಲ್ಲಿ ಬದು ಸಣ್ಣದು, ಮರ ಹಚ್ಚೋದು ಕಷ್ಟ. ಕುಷ್ಟಗಿ, ಯಲಬುರ್ಗಾ, ಕೊಪ್ಪಳದ ಮಳೆಯಾಶ್ರಿತ ಹೊಲದವರಿಗೆ ಆ ತೊಡಕಿಲ್ಲ. ಹುಣಸೆ ನೆರಳಿಗೆ ಬೆಳಿ ಏಳೋದಿಲ್ಲ ಅನ್ನೋದು ಖರೆ. ಅದಕ್ಕೇ ಹೊಲದ ನಡುವೆ ಬ್ಯಾಡ. ಹಳ್ಳದ ದಂಡೆ, ಕಲ್ಲುಗುಪ್ಪಿ, ಮೂಲೆ ನೆಲದಲ್ಲಿ ಹೊಲಕ್ಕೆ ಎರಡು ಗಿಡ ಸಾಕು. ಒಮ್ಮೆ ಬೇರೂರಿದರೆ ಬರಗಾಲದಲ್ಲೂ ನಿಲ್ಲುವ ಗಿಡ ಅದು. ಜ್ವಾಳ ಕೈಕೊಟ್ಟ ವರ್ಷವೂ ಹಣ್ಣು ನಾಲ್ಕು ಕಾಸು ತರುತ್ತದೆ. ಪೊಳಕಿ ಒಣ ಕಲ್ಲುಗುಡ್ಡದ ಮರ. ಅದರ ಸಸಿಯನ್ನು ಅರಣ್ಯ ಇಲಾಖೆ ನರ್ಸರಿಯಲ್ಲಿ ಎಬ್ಬಿಸಿ, ಗುಡ್ಡದಲ್ಲಿ ಹಚ್ಚಿ, ನಮಗೂ ಕೊಡಬೇಕು. ಗೊಂಬೆಗೆ ಕೊಡುವ ಅನುದಾನದಲ್ಲಿ ಒಂದು ಪಾಲು ಈ ಸಸಿಗೂ ಹೋಗಲಿ.

ಹಣ್ಣು ಬಿಡಿಸಿದ ಮೇಲೆ ಬೀಜವನ್ನು ಸಿಕ್ಕ ರೇಟಿಗೆ ದಲಾಲಿಗೆ ಹಾಕುವ ಮೊದಲು ಚಿತ್ರಗಾರರನ್ನು ಒಂದು ಮಾತು ಕೇಳ್ರಿ. ಹರಿದ ಗೋಣಿತಟ್ಟು ಸುಡಬ್ಯಾಡ್ರಿ. ನಾವು ಬೆಳೆದದ್ದು ಅವರ ಕೈಯಲ್ಲಿ ದೇವರಾಗುತ್ತದೆ. ಈ ಮುಂಗಾರಿಗೆ ಎರಡು ಕುಣಿ ತೋಡೋದು ನಮ್ಮ ಕೆಲಸ.