ಒಂದಗುಳು ಸಾಲದು

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳನ್ನು ಹಿಸುಕಿ ನೋಡಿದರೆ ಸಾಕು ಎಂಬುದು ಹಿರಿಯರ ಮಾತು. ಪಾತ್ರೆಯೊಳಗಿನ ಅಗುಳುಗಳೆಲ್ಲವೂ ಒಂದೇ ನೀರಿನಲ್ಲಿ, ಒಂದೇ ಉರಿಯಲ್ಲಿ ಬೆಂದಿರುವುದರಿಂದ ಆ ಮಾತು ಅಡುಗೆಮನೆಯಲ್ಲಿ ಸಲ್ಲುತ್ತದೆ. ಅದನ್ನು ಎಲ್ಲ ಕಡೆಗೂ ಅನ್ವಯಿಸುವುದು ಮಾತ್ರ ಸರಿಯಲ್ಲ. ಒಂದೇ ಒಂದು ಅಣುವಿನ ಮೂಲಕ ವಿದ್ಯುತ್ತನ್ನು ಹರಿಸಲು ಹೊರಟ ವಿಜ್ಞಾನಿಗಳ ಚರಿತ್ರೆ ಇದಕ್ಕೆ ಉತ್ತಮ ನಿದರ್ಶನವಾಗಿದೆ.

ತಾಮ್ರದ ತಂತಿಯಲ್ಲಿ ವಿದ್ಯುತ್ತು ಹರಿಯುವುದೆಂದರೆ ಅಸಂಖ್ಯಾತ ಇಲೆಕ್ಟ್ರಾನುಗಳು ಕಂಪಿಸುತ್ತಿರುವ ಪರಮಾಣುಗಳಿಗೆ ಡಿಕ್ಕಿ ಹೊಡೆಯುತ್ತ ಮುಂದೆ ಸಾಗುವುದೆಂದೇ ಅರ್ಥ. ತಂತಿಯ ಉದ್ದ ಇಮ್ಮಡಿಯಾದರೆ ಅದರ ರೋಧವೂ ಇಮ್ಮಡಿಯಾಗುತ್ತದೆ. ಈ ತಂತಿಯನ್ನು ಕಿರಿದುಗೊಳಿಸುತ್ತ ಹೋಗಿ, ಕಟ್ಟಕಡೆಗೆ ಒಂದೇ ಅಣುವನ್ನು ತಂತಿಯ ಸ್ಥಾನದಲ್ಲಿ ಇರಿಸಿದರೆ ಏನಾದೀತು? 1974ರಲ್ಲಿ ಅರಿಯೆ ಅವಿರಾಮ್ ಮತ್ತು ಮಾರ್ಕ್ ರ‍್ಯಾಟ್ನರ್ ಎಂಬ ವಿಜ್ಞಾನಿಗಳು, ತಕ್ಕ ರಚನೆಯುಳ್ಳ ಅಣುವೊಂದು ವಿದ್ಯುತ್ತನ್ನು ಒಂದು ದಿಕ್ಕಿಗೆ ಸಲೀಸಾಗಿ ಬಿಟ್ಟು ಎದುರು ದಿಕ್ಕಿಗೆ ತಡೆಯಬಲ್ಲದೆಂದು ಲೆಕ್ಕ ಹಾಕಿ ತೋರಿಸಿದರು. ಆದರೆ ಅದು ಕಾಗದದ ಮೇಲಿನ ಲೆಕ್ಕ. ಅಂಥ ಅಣುವಿನ ಉದ್ದವಾದರೋ ನ್ಯಾನೊಮೀಟರುಗಳಲ್ಲಿ ಅಳೆಯುವಂಥದು. ಒಂದು ನ್ಯಾನೊಮೀಟರೆಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಭಾಗ. ಅಷ್ಟು ಕಿರಿದಾದ ವಸ್ತುವಿನ ಎರಡು ತುದಿಗಳನ್ನು ಹಿಡಿಯುವ ಬಗೆ ಯಾವುದು?

1997ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ಮಾರ್ಕ್ ರೀಡ್ ಮತ್ತು ಅವರ ಸಂಗಡಿಗರು ಇದಕ್ಕೊಂದು ಉಪಾಯವನ್ನು ಕಂಡುಕೊಂಡರು. ತೆಳುವಾದ ಚಿನ್ನದ ತಂತಿಯನ್ನು ಮೆಲ್ಲಮೆಲ್ಲನೆ ಬಾಗಿಸಿ ಮುರಿದು, ಆ ಎರಡು ತುದಿಗಳ ನಡುವೆ ಬೆನ್ಜೀನ್ ಬಳೆಯುಳ್ಳ ಅಣುವನ್ನು ಸಿಕ್ಕಿಸಿದರು. ಅಣುವಿನ ಇಕ್ಕೆಲಗಳಲ್ಲಿದ್ದ ಗಂಧಕದ ಪರಮಾಣುಗಳು ಚಿನ್ನಕ್ಕೆ ಭದ್ರವಾಗಿ ಅಂಟಿಕೊಂಡವು. ವಿದ್ಯುತ್ತು ಹರಿಯಿತು. ಆದರೆ ಮುಂದೆ ಬೇರೆ ಪ್ರಯೋಗಾಲಯಗಳು ಅದೇ ಅಣುವನ್ನು ಅಳೆದಾಗ ದೊರೆತ ಬೆಲೆಗಳು ಒಂದಕ್ಕೊಂದು ಹಲವು ಪಟ್ಟು ಭಿನ್ನವಾಗಿದ್ದವು. ಯಾರೂ ಮೋಸ ಮಾಡಿರಲಿಲ್ಲ. ಅಣು ಒಮ್ಮೆ ನೆಟ್ಟಗೆ ನಿಲ್ಲುತ್ತದೆ, ಒಮ್ಮೆ ವಾಲಿಕೊಳ್ಳುತ್ತದೆ. ಗಂಧಕ ಒಮ್ಮೆ ಚಿನ್ನದ ಒಂದು ಪರಮಾಣುವನ್ನು, ಮತ್ತೊಮ್ಮೆ ಎರಡು ಮೂರನ್ನು ಹಿಡಿಯುತ್ತದೆ. ಹಿಡಿತ ಬದಲಾದೊಡನೆ ಪ್ರವಾಹವೂ ಬದಲಾಗುತ್ತದೆ. ಇಲ್ಲಿ ಒಂದೊಂದು ಅಗುಳೂ ಬೇರೆ ಬೇರೆ ಉರಿಯಲ್ಲಿ ಬೆಂದುದು.

ಇಂಥ ಕ್ಷೇತ್ರದಲ್ಲಿ ಅವಸರಕ್ಕೆ ಎಡೆಗೊಟ್ಟರೆ ಆಗುವ ಅನರ್ಥವನ್ನು ಜಗತ್ತು ಬೇಗನೆ ಕಂಡಿತು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದ ಹೆಂಡ್ರಿಕ್ ಶೋನ್ ಎಂಬ ತರುಣ ವಿಜ್ಞಾನಿ 2001ರಲ್ಲಿ, ಬಿಡಿ ಅಣುಗಳ ಮೂಲಕ ಹರಿಯುವ ಪ್ರವಾಹವನ್ನು ಇಚ್ಛೆಬಂದಂತೆ ಏರಿಸಿ ಇಳಿಸಿದೆನೆಂದು ಪ್ರಕಟಿಸಿದನು. ಹೊಗಳಿಕೆಯ ಸುರಿಮಳೆಯಾಯಿತು. ಆದರೆ ಬೇರೆಯವರು ಎಷ್ಟು ಶ್ರಮಿಸಿದರೂ ಆ ಫಲಿತಾಂಶ ಕೈಗೂಡಲಿಲ್ಲ. 2002ರಲ್ಲಿ ಲಿಡಿಯಾ ಸೋನ್ ಮತ್ತು ಪಾಲ್ ಮೆಕ್ಯೂಯೆನ್ ಎಂಬ ವಿಜ್ಞಾನಿಗಳು ಅವನ ನಕ್ಷೆಗಳನ್ನು ಹೋಲಿಸಿ ನೋಡಿದರು. ಬೇರೆ ಬೇರೆ ಪ್ರಯೋಗಗಳದೆಂದು ಹೇಳಿದ ನಕ್ಷೆಗಳಲ್ಲಿ ಆಕಸ್ಮಿಕವಾದ ಸಣ್ಣ ಏರಿಳಿತಗಳು ಕೂಡ ಒಂದೇ ತೆರನಾಗಿದ್ದವು! ವಿಚಾರಣಾ ಸಮಿತಿಯು 24 ಆರೋಪಗಳಲ್ಲಿ 16ನ್ನು ನಿಜವೆಂದು ಸಾರಿತು. ಮೂಲ ದಾಖಲೆಗಳನ್ನು ಅವನು ಉಳಿಸಿಯೇ ಇರಲಿಲ್ಲ. ಉದ್ಯೋಗ ಹೋಯಿತು, ಕೀರ್ತಿಯೂ ಅದರ ಹಿಂದೆಯೇ ಹೋಯಿತು.

ಮರುವರ್ಷವೇ, 2003ರಲ್ಲಿ, ಅರಿಜೋನಾ ರಾಜ್ಯ ವಿಶ್ವವಿದ್ಯಾನಿಲಯದ ಶೂ ಮತ್ತು ಟಾವ್ ಎಂಬ ಸಂಶೋಧಕರು ಬೇರೊಂದು ದಾರಿಯನ್ನು ತೋರಿಸಿದರು. ಅಣುಗಳು ಬೆರೆತ ದ್ರವದಲ್ಲಿ ಚಿನ್ನದ ಮೊನೆಯನ್ನು ಚಿನ್ನದ ಹಾಸಿಗೆ ಒತ್ತಿ ಮೇಲಕ್ಕೆಳೆಯುವುದು. ಚಿನ್ನದ ಎಳೆ ಹರಿದಾಗ ನಡುವೆ ಅಣು ಸಿಕ್ಕಿಕೊಂಡರೆ ಪ್ರವಾಹವನ್ನು ಅಳೆಯುವುದು. ಮತ್ತೆ ಒತ್ತುವುದು, ಮತ್ತೆ ಎಳೆಯುವುದು. ಹೀಗೆ ಸಾವಿರಾರು ಸಲ ಮಾಡಿ, ಯಾವ ಬೆಲೆ ಹೆಚ್ಚು ಬಾರಿ ಬರುತ್ತದೆಂದು ಎಣಿಸಿದರು. ಇಂಗಾಲದ ಆರು ಪರಮಾಣುಗಳ ಸರಪಳಿಗೆ ಸುಮಾರು 1 ಕೋಟಿ 5 ಲಕ್ಷ ಓಮ್, ಎಂಟರದಕ್ಕೆ 5 ಕೋಟಿ 10 ಲಕ್ಷ ಓಮ್, ಹತ್ತರದಕ್ಕೆ 63 ಕೋಟಿ ಓಮ್ ರೋಧವಿರುವುದು ತಿಳಿದುಬಂತು. ತಾಮ್ರದ ತಂತಿಯ ನಿಯಮದಂತೆ ಆಗಿದ್ದರೆ ಆರರಿಂದ ಹತ್ತಕ್ಕೆ ರೋಧ ಎರಡು ಪಟ್ಟು ಕೂಡ ಆಗುತ್ತಿರಲಿಲ್ಲ. ಇಲ್ಲಿ ಅದು 60 ಪಟ್ಟಾಯಿತು! ಇಲೆಕ್ಟ್ರಾನು ಇಲ್ಲಿ ಡಿಕ್ಕಿ ಹೊಡೆಯುತ್ತ ಸಾಗುವುದಿಲ್ಲ. ತನ್ನ ಅಲೆಯ ಸ್ವಭಾವದಿಂದ, ಗುಡ್ಡವನ್ನು ಹತ್ತದೆಯೇ ಸುರಂಗದ ಮೂಲಕ ಆಚೆಗೆ ದಾಟಿದಂತೆ ಅಣುವನ್ನು ದಾಟಿಬಿಡುತ್ತದೆ. ಸುರಂಗ ತುಸು ಉದ್ದವಾದರೂ ದಾಟುವ ಸಂಭವ ಹಲವು ಪಟ್ಟು ಕುಗ್ಗುತ್ತದೆ. ಇಷ್ಟು ಗಹನವಾದ ಸತ್ಯವನ್ನು ಆ ತಾಳ್ಮೆಯ ಎಣಿಕೆಯು ಸಂದೇಹಕ್ಕೆ ಎಡೆಯಿಲ್ಲದಂತೆ ತೋರಿಸಿಕೊಟ್ಟಿತು.

ಒಮ್ಮೆ ಸರಿಯಾಗಿ ಅಳೆದ ಮೇಲೆ ಪುನಃ ಪುನಃ ಅಳೆಯುವುದು ಕಾಲಹರಣವಲ್ಲವೇ ಎಂದು ಕೆಲವರು ಕೇಳಬಹುದು. ಒಮ್ಮೆ ಅಳೆದುದು ಸರಿಯೆಂದು ತಿಳಿಯುವುದಾದರೂ ಹೇಗೆ ಎಂಬುದೇ ಅದಕ್ಕೆ ಉತ್ತರ. ಶೋನನ ನಕ್ಷೆಗಳು ನೋಟಕ್ಕೆ ಅತ್ಯಂತ ನಿರ್ದುಷ್ಟವಾಗಿದ್ದವು. ಟಾವ್ ಅವರ ಬಿಡಿ ಅಳತೆಗಳಲ್ಲಿ ಬೇಕಾದಷ್ಟು ಏರುಪೇರುಗಳಿದ್ದವು. ಆದರೂ ಮೊದಲನೆಯವು ಅಳಿದುಹೋದವು, ಎರಡನೆಯವು ಉಳಿದುಕೊಂಡವು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯ ತಿರುಳು ಇದೇ ಆಗಿದೆ. ಶಾಲೆಯ ಪ್ರಯೋಗಶಾಲೆಯಲ್ಲಿ ಮೂರು ಸಲ ಅಳೆದು ಸರಾಸರಿ ತೆಗೆಯುವ ವಿದ್ಯಾರ್ಥಿ, ಹೊಂದಿಕೆಯಾಗದ ಅಂಕಿಯನ್ನು ಅಳಿಸಿಹಾಕದೆ ಇದ್ದಂತೆಯೇ ಬರೆದಿಟ್ಟರೆ, ಅವನೂ ಈ ದೊಡ್ಡ ಕೆಲಸದ ನಿಜವಾದ ಪಾಲುಗಾರನೇ ಆಗುತ್ತಾನೆ.